ಜೆಲ್ 2 ನ್ಯಾನೊಮೋಲಾರ್ ಎನ್ನುತ್ತದೆ, ಫ್ಲೂರೊಸೀನ್ 23 ಎನ್ನುತ್ತದೆ: ಯಾವುದನ್ನು ನಂಬಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬ್ಯಾಕ್ಟೀರಿಯಾದ ಒಂದು ರಿಪ್ರೆಸರ್ ಪ್ರೋಟೀನ್ (ಜೀನ್ ಕೆಲಸ ಮಾಡದಂತೆ ತಡೆಯುವ ಪ್ರೋಟೀನ್) ತಾನು ಕೂರುವ ಆಪರೇಟರ್ ಎಂಬ ಡಿಎನ್‌ಎ ತುಣುಕನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಅಳೆಯುವುದು ನನ್ನ ಪಿಎಚ್‌ಡಿ ಕೆಲಸದ ಒಂದು ಭಾಗ. ನಮ್ಮ ಪ್ರಯೋಗಾಲಯದ ಹಿರಿಯರು ಇದನ್ನು ವಿಕಿರಣಶೀಲ ರಂಜಕ ಸೇರಿಸಿದ ಡಿಎನ್‌ಎಯನ್ನು ಜೆಲ್‌ನಲ್ಲಿ ಓಡಿಸಿ ಅಳೆದಿದ್ದರು. ಆಗ ಸಿಕ್ಕ ವಿಘಟನ ಸ್ಥಿರಾಂಕ, ಅಂದರೆ ಕೆಡಿ (ಅದು ಕಡಿಮೆಯಾದಷ್ಟೂ ಹಿಡಿತ ಬಿಗಿ), 2 ನ್ಯಾನೊಮೋಲಾರ್. ನಮ್ಮಲ್ಲಿ ವಿಕಿರಣಶೀಲ ಕೆಲಸ ನಿಂತುಹೋಗಿರುವುದರಿಂದ ನಾನು 25 ಬೇಸ್ ಜೋಡಿಗಳ ಅದೇ ಡಿಎನ್‌ಎಯ ಒಂದು ಎಳೆಯ 5′ ತುದಿಗೆ ಫ್ಲೂರೊಸೀನ್ ಎಂಬ ಹೊಳೆಯುವ ಬಣ್ಣ ಹಾಕಿಸಿಕೊಂಡು, ಪ್ಲೇಟ್ ರೀಡರ್‌ನಲ್ಲಿ ಅನಿಸೊಟ್ರೊಪಿ (ಹೊರಬರುವ ಬೆಳಕು ಎಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿ ಧ್ರುವೀಕೃತವಾಗಿ ಉಳಿದಿದೆ ಎಂಬುದು) ಅಳೆಯುತ್ತಿದ್ದೇನೆ.

ಪ್ರೋಟೀನ್ ಇಲ್ಲದಾಗ 0.07 ಇರುವ ಅನಿಸೊಟ್ರೊಪಿ, ಪ್ರೋಟೀನ್ ಹೆಚ್ಚಿಸುತ್ತ ಹೋದಂತೆ 0.16ಕ್ಕೆ ಏರಿ ಅಲ್ಲಿಯೇ ನಿಲ್ಲುತ್ತದೆ. ರೇಖೆ ನೋಡಲು ಬಹಳ ಚೆನ್ನಾಗಿದೆ, ಮೂರೂ ಪುನರಾವರ್ತನೆಗಳು ಒಂದರ ಮೇಲೊಂದು ಕೂರುತ್ತವೆ. ಆದರೆ ಅದರ ಮಧ್ಯಬಿಂದು 23 ನ್ಯಾನೊಮೋಲಾರ್‌ನಲ್ಲಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿದೆ. ಬಣ್ಣವೇ ಪ್ರೋಟೀನಿಗೆ ಅಡ್ಡ ಬರುತ್ತಿದೆಯೇ? ಗೈಡ್ ಅವರ ಮುಂದೆ ಯಾವ ಸಂಖ್ಯೆಯನ್ನು ಇಡಲಿ?

ಕತ್ತಲಕೋಣೆ

ಬಣ್ಣವೇ ಅಡ್ಡ ಬರುತ್ತಿದೆ ಎಂದು ನನಗನಿಸುತ್ತದೆ. ಫ್ಲೂರೊಸೀನ್ ಅಣುವಿಗೆ ಸಾಮಾನ್ಯ ಪಿಎಚ್‌ನಲ್ಲಿ ಎರಡು ಋಣ ಆವೇಶಗಳಿರುತ್ತವೆ. ನಿಮ್ಮ ಪ್ರೋಟೀನಿನ ಡಿಎನ್‌ಎ ಹಿಡಿಯುವ ಮುಖ ಧನ ಆವೇಶದ್ದೇ ಆಗಿರಬೇಕು. ಆಪರೇಟರ್ ಅನುಕ್ರಮ ತುದಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ನೀವು ಬರೆದಿಲ್ಲ. ಮೂರ್ನಾಲ್ಕು ಬೇಸ್ ಮಾತ್ರ ಬಿಟ್ಟಿದ್ದರೆ ಪ್ರೋಟೀನ್ ಬಣ್ಣಕ್ಕೆ ತಗುಲುವುದು ಸಹಜ. ಇನ್ನೊಂದು ತುದಿಗೆ ಬಣ್ಣ ಹಾಕಿಸಿ ಅಳೆಯಿರಿ, ಉತ್ತರ ಬದಲಾದರೆ ಅಪರಾಧಿ ಸಿಕ್ಕಂತೆಯೇ.

ಜೆಲ್‌ಪ್ರೇಮಿ

ಇದರಲ್ಲಿ ಯೋಚಿಸುವುದೇನಿದೆ? ಜೆಲ್ ಅನ್ನೇ ನಂಬಿರಿ. 1981ರಲ್ಲಿ ಗಾರ್ನರ್ ಮತ್ತು ರೆವ್ಜಿನ್ ಒಂದು ಕಡೆ, ಫ್ರೀಡ್ ಮತ್ತು ಕ್ರಾದರ್ಸ್ ಇನ್ನೊಂದು ಕಡೆ ಈ ವಿಧಾನವನ್ನು ಪ್ರಕಟಿಸಿದಾಗಿನಿಂದ ಇಂದಿನವರೆಗೂ ಅದು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲಿ ನಿಂತಿದೆ. ಜೆಲ್‌ನಲ್ಲಿ ಬಿಡಿ ಡಿಎನ್‌ಎ ಒಂದು ಪಟ್ಟಿ, ಪ್ರೋಟೀನ್ ಹಿಡಿದ ಡಿಎನ್‌ಎ ಮೇಲಿನ ಪಟ್ಟಿ, ಎರಡನ್ನೂ ಕಣ್ಣಾರೆ ನೋಡಬಹುದು. ಅನಿಸೊಟ್ರೊಪಿ ಯಂತ್ರ ಒಂದು ಸಂಖ್ಯೆಯನ್ನು ಉಗುಳುತ್ತದೆ. ಆ ಸಂಖ್ಯೆಯ ಒಳಗೆ ಏನೇನು ಬೆರೆತಿದೆ ಎಂಬುದು ಯಾರಿಗೂ ಕಾಣುವುದಿಲ್ಲ.

ಭೌತಶಾಸ್ತ್ರದಿಂದ_ಬಂದವ

ಕಾಣುವುದಿಲ್ಲ ಎನ್ನುವುದು ಸರಿಯಲ್ಲ, ಲೆಕ್ಕ ಹಾಕಿದರೆ ಕಾಣುತ್ತದೆ. ಧ್ರುವೀಕರಿಸಿದ ನೀಲಿ ಬೆಳಕು ಬಿದ್ದಾಗ, ಅದರ ದಿಕ್ಕಿಗೆ ಹೊಂದಿಕೊಂಡು ನಿಂತಿರುವ ಬಣ್ಣದ ಅಣುಗಳೇ ಹೆಚ್ಚಾಗಿ ಉದ್ದೀಪನಗೊಳ್ಳುತ್ತವೆ. ಫ್ಲೂರೊಸೀನ್ ಸರಾಸರಿ 4 ನ್ಯಾನೊಸೆಕೆಂಡ್ ಕಾದು ಹಸಿರು ಬೆಳಕನ್ನು ಹೊರಸೂಸುತ್ತದೆ. ಆ 4 ನ್ಯಾನೊಸೆಕೆಂಡಿನಲ್ಲಿ ಅಣು ತಿರುಗಿಬಿಟ್ಟರೆ ಬೆಳಕಿನ ದಿಕ್ಕು ಚದುರುತ್ತದೆ, ತಿರುಗದಿದ್ದರೆ ಉಳಿಯುತ್ತದೆ. ಚಿಕ್ಕ ಡಿಎನ್‌ಎ ಬೇಗ ತಿರುಗುತ್ತದೆ, ಪ್ರೋಟೀನ್ ಸೇರಿ ಭಾರವಾದ ಡಿಎನ್‌ಎ ನಿಧಾನವಾಗಿ ತಿರುಗುತ್ತದೆ. ಫ್ರಾನ್ಸಿಸ್ ಪೆರಿನ್ 1926ರಲ್ಲಿಯೇ ಇದಕ್ಕೆ ಸಮೀಕರಣ ಕೊಟ್ಟಿದ್ದಾರೆ. 1990ರಲ್ಲಿ ಹೇಡುಕ್ ಮತ್ತು ಲೀ ಇದೇ ತತ್ವವನ್ನು ಇ. ಕೋಲೈ ಬ್ಯಾಕ್ಟೀರಿಯಾದ ಸಿಆರ್‌ಪಿ ಪ್ರೋಟೀನ್ ಲ್ಯಾಕ್ ಪ್ರಮೋಟರ್ ಡಿಎನ್‌ಎಯನ್ನು ಹಿಡಿಯುವುದನ್ನು ಅಳೆಯಲು ಬಳಸಿದರು.

ನಿಮ್ಮ 0.07 ಎಂಬ ಸಂಖ್ಯೆಯಲ್ಲಿಯೇ ಒಂದು ಸುಳಿವಿದೆ. 25 ಬೇಸ್ ಜೋಡಿಗಳ ಡಿಎನ್‌ಎ ತಿರುಗಲು ತೆಗೆದುಕೊಳ್ಳುವ ಕಾಲ 10 ನ್ಯಾನೊಸೆಕೆಂಡಿನ ಆಸುಪಾಸಿನದು. ಗರಿಷ್ಠ ಅನಿಸೊಟ್ರೊಪಿಯನ್ನು 0.4 ಎಂದಿಟ್ಟು ಪೆರಿನ್ ಸಮೀಕರಣಕ್ಕೆ ಹಾಕಿದರೆ 0.28ರ ಹತ್ತಿರ ಬರಬೇಕು, ಬಂದಿರುವುದು ಅದರ ಕಾಲು ಭಾಗ. ಕಾರಣವಿಷ್ಟೇ: ಬಣ್ಣವನ್ನು ಡಿಎನ್‌ಎಗೆ ಕಟ್ಟಿರುವ ಆರು ಇಂಗಾಲದ ಕೊಂಡಿ ಸಡಿಲವಾಗಿದೆ, ಗಾಳಿಪಟ ನಿಂತರೂ ಬಾಲಂಗೋಚಿ ಆಡುವಂತೆ ಬಣ್ಣ ತನ್ನಷ್ಟಕ್ಕೆ ತಾನು ಆಡುತ್ತಿದೆ. ಹಾಗೆ ಸ್ವತಂತ್ರವಾಗಿ ಆಡುತ್ತಿರುವ ಬಣ್ಣ ಪ್ರೋಟೀನಿಗೆ ಹತ್ತು ಪಟ್ಟು ಅಡ್ಡಿ ಮಾಡುತ್ತಿದೆ ಎಂಬ ವಾದವನ್ನು ನಾನು ಸುಲಭವಾಗಿ ಒಪ್ಪಲಾರೆ.

ಕತ್ತಲಕೋಣೆ

ಪ್ರೋಟೀನ್ ಇಲ್ಲದಾಗ ಆಡುವ ಬಣ್ಣ ಪ್ರೋಟೀನ್ ಬಂದಾಗಲೂ ಆಡುತ್ತದೆ ಎಂಬ ಖಾತರಿ ಏನು? ನೀವು ಬಿಡಿ ಡಿಎನ್‌ಎಯ ಬಗ್ಗೆ ಮಾತ್ರ ಹೇಳಿದಿರಿ.

ಭೌತಶಾಸ್ತ್ರದಿಂದ_ಬಂದವ

ಒಪ್ಪಿದೆ. ಅದಕ್ಕೆ ಉತ್ತರ ಪ್ರಯೋಗದಿಂದ ಬರಬೇಕು, ಸಮೀಕರಣದಿಂದಲ್ಲ.

ಮಂಡ್ಯ_ಟು_ಮ್ಯೂನಿಕ್

ಜೆಲ್‌ಪ್ರೇಮಿ ಸರ್, ಜೆಲ್ ಕೂಡ ಅಷ್ಟೊಂದು ಮುಗ್ಧವಲ್ಲ. ಜೆಲ್ ಓಡಿಸುವ ಟಿಬಿಇ ಬಫರಿನಲ್ಲಿ, ಅದೂ ಅರ್ಧ ಸಾಂದ್ರತೆಯದರಲ್ಲಿ, ಉಪ್ಪು ಇಲ್ಲವೇ ಇಲ್ಲ ಎನ್ನಬಹುದು. ಪ್ರೋಟೀನ್ ಮತ್ತು ಡಿಎನ್‌ಎಗಳ ಬಂಧ ಬಹುಮಟ್ಟಿಗೆ ಆವೇಶಗಳ ಆಟವಾದ್ದರಿಂದ, ಉಪ್ಪು ಕಡಿಮೆಯಾದಷ್ಟೂ ಹಿಡಿತ ಬಿಗಿಯಾಗುತ್ತದೆ. ನೀವು 150 ಮಿಲಿಮೋಲಾರ್ ಉಪ್ಪಿನಲ್ಲಿ ಬೆರೆಸಿದ ಮಿಶ್ರಣ ಜೆಲ್‌ನ ಗುಂಡಿಯೊಳಗೆ ಇಳಿದ ಕ್ಷಣದಿಂದ ಬೇರೆ ಲೋಕಕ್ಕೆ ಹೋಗುತ್ತದೆ. ಮೇಲಾಗಿ ಜೆಲ್‌ನ ರಂಧ್ರಗಳಲ್ಲಿ ಪ್ರೋಟೀನ್ ಕಳಚಿಕೊಂಡರೂ ದೂರ ಸಾಗಲಾರದೆ ಅದೇ ಡಿಎನ್‌ಎಯನ್ನು ಮತ್ತೆ ಹಿಡಿಯುತ್ತದೆ. ಟಿಬಿಇಯಲ್ಲಿ ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಇರುತ್ತದೆ ಎಂಬುದನ್ನೂ ಮರೆಯಬಾರದು. ಸತುವನ್ನೋ ಮೆಗ್ನೀಸಿಯಂ ಅನ್ನೋ ಅವಲಂಬಿಸಿದ ಪ್ರೋಟೀನಿಗೆ ಅದು ಕುತ್ತು. ಆದ್ದರಿಂದ 23 ಸರಿ, 2 ಸುಳ್ಳು ಎಂಬುದೂ ಸಾಧ್ಯ.

ಜೆಲ್‌ಪ್ರೇಮಿ

ಬಂಧವಾಗಿದೆಯೋ ಇಲ್ಲವೋ ಎಂಬುದು ಮಿಶ್ರಣದಲ್ಲಿಯೇ ನಿರ್ಧಾರವಾಗಿರುತ್ತದೆ, ಜೆಲ್ ಅದನ್ನು ಬೇರ್ಪಡಿಸಿ ತೋರಿಸುತ್ತದೆ ಅಷ್ಟೇ. ನೀವು ಹೇಳಿದ ರಂಧ್ರಗಳ ಪಂಜರದ ಪರಿಣಾಮ ಆ ಫಲಿತಾಂಶವನ್ನು ಕಾಪಾಡುತ್ತದೆಯೇ ಹೊರತು ಕೆಡಿಸುವುದಿಲ್ಲ. ಇದು ಜೆಲ್‌ನ ಗುಣ, ದೋಷವಲ್ಲ.

ಹಳೆಯಬೆಂಚು

ತುಂಗಾತೀರ ಅವರೇ, ವಾದ ಹೀಗೆಯೇ ಸಾಗಿದರೆ ಬೆಳಗಾಗುತ್ತದೆ. ನಾಲ್ಕು ವಿಷಯಗಳನ್ನು ಮೊದಲು ತಿಳಿಸಿ. ಪ್ಲೇಟ್‌ನ ಪ್ರತಿ ವೆಲ್‌ನಲ್ಲಿ (ಗುಳಿಯಲ್ಲಿ) ಬಣ್ಣದ ಡಿಎನ್‌ಎ ಎಷ್ಟು ನ್ಯಾನೊಮೋಲಾರ್ ಇದೆ? ಹಳೆಯ ಜೆಲ್‌ನಲ್ಲಿ ಎಷ್ಟಿತ್ತು? ಪ್ರೋಟೀನಿನ ಸಾಂದ್ರತೆಯನ್ನು ಒಂಟಿ ಉಪಘಟಕದ ಲೆಕ್ಕದಲ್ಲಿ ಬರೆಯುತ್ತೀರೋ, ಜೋಡಿಯ ಲೆಕ್ಕದಲ್ಲಿ ಬರೆಯುತ್ತೀರೋ? ಬೆರೆಸಿದ ಮೇಲೆ ಎಷ್ಟು ಹೊತ್ತು ಬಿಟ್ಟು ಓದುತ್ತೀರಿ?

ತುಂಗಾತೀರ

ಸರ್, ಡಿಎನ್‌ಎ 40 ನ್ಯಾನೊಮೋಲಾರ್ ಹಾಕುತ್ತೇನೆ. ಅದಕ್ಕಿಂತ ಕಡಿಮೆ ಮಾಡಿದರೆ ನಮ್ಮ ಯಂತ್ರದಲ್ಲಿ ಓದುಗಳು ಕುಣಿಯುತ್ತವೆ ಎಂದು ಹಿರಿಯರು ಹೇಳಿದ್ದರು. ಹಳೆಯ ಜೆಲ್‌ನಲ್ಲಿ 0.1 ನ್ಯಾನೊಮೋಲಾರ್ ಇತ್ತು ಎಂದು ಅವರ ನೋಟ್‌ಬುಕ್ ಹೇಳುತ್ತದೆ. ಪ್ರೋಟೀನಿನ ಲೆಕ್ಕ ಎರಡೂ ಕಡೆ ಜೋಡಿಯದು. ಕೋಣೆಯ ತಾಪದಲ್ಲಿ ಅರ್ಧ ಗಂಟೆ ಬಿಡುತ್ತೇನೆ.

ಹಳೆಯಬೆಂಚು

ಹಾಗಾದರೆ ನಿಮ್ಮ ಎರಡು ಪ್ರಯೋಗಗಳು ಜಗಳವಾಡುತ್ತಲೇ ಇಲ್ಲ.

ಒಂದು ಪ್ರೋಟೀನ್ ಜೋಡಿ ಒಂದು ಡಿಎನ್‌ಎಯನ್ನು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅರ್ಧದಷ್ಟು ಡಿಎನ್‌ಎ ಬಂಧಿತವಾದ ಕ್ಷಣದಲ್ಲಿ ಬಿಡಿಯಾಗಿ ಉಳಿದ ಪ್ರೋಟೀನಿನ ಸಾಂದ್ರತೆ ಕೆಡಿಗೆ ಸಮನಾಗಿರುತ್ತದೆ. ಆದರೆ ನೀವು ರೇಖೆಯ ಅಡ್ಡ ಅಕ್ಷದಲ್ಲಿ ಬರೆಯುತ್ತಿರುವುದು ಬಿಡಿ ಪ್ರೋಟೀನ್ ಅಲ್ಲ, ಹಾಕಿದ ಒಟ್ಟು ಪ್ರೋಟೀನ್. 40 ನ್ಯಾನೊಮೋಲಾರ್ ಡಿಎನ್‌ಎಯ ಅರ್ಧ ಭಾಗವನ್ನು ತುಂಬಲು 20 ನ್ಯಾನೊಮೋಲಾರ್ ಪ್ರೋಟೀನ್ ಹಿಡಿದೇ ಹಿಡಿಯುತ್ತದೆ. ಅದರ ಮೇಲೆ ಬಿಡಿಯಾಗಿ ಇರಬೇಕಾದ 2 ಸೇರಿಸಿದರೆ 22. ನಿಮಗೆ 23 ಬಂದಿದೆ. ನೀವು ಅಳೆದದ್ದು ಹಿಡಿತದ ಬಿಗಿಯನ್ನಲ್ಲ, ವೆಲ್‌ನಲ್ಲಿ ಎಷ್ಟು ಡಿಎನ್‌ಎ ಇದೆ ಎಂಬುದನ್ನು. ಕೆಡಿ 2ರ ಬದಲು 0.02 ಇದ್ದಿದ್ದರೂ ಮಧ್ಯಬಿಂದು 20ರ ಕೆಳಗೆ ಇಳಿಯುತ್ತಲೇ ಇರಲಿಲ್ಲ.

ಹಾಗೆಂದು ಆ ರೇಖೆಯನ್ನು ಎಸೆಯಬೇಡಿ. ಅದು ನಿಮ್ಮ ಪ್ರೋಟೀನಿನಲ್ಲಿ ಎಷ್ಟು ಪಾಲು ಜೀವಂತವಾಗಿದೆ ಎಂಬುದನ್ನು ತಿಳಿಸುತ್ತದೆ. ಏರುಗೆರೆ ಮತ್ತು ಮೇಲಿನ ಸಮತಟ್ಟು ಗೆರೆಗಳನ್ನು ಮುಂದುವರಿಸಿದಾಗ ಅವು 40ರ ಹತ್ತಿರ ಸೇರಿದರೆ ಪ್ರೋಟೀನ್ ಪೂರ್ತಿ ಸಕ್ರಿಯ. 80ರಲ್ಲಿ ಸೇರಿದ್ದರೆ ಅರ್ಧ ಪ್ರೋಟೀನ್ ಕೆಲಸಕ್ಕೆ ಬಾರದ್ದು ಎಂದಾಗುತ್ತಿತ್ತು. ಕೆಡಿ ಬೇಕಿದ್ದರೆ ಡಿಎನ್‌ಎಯನ್ನು ಕೆಡಿಗಿಂತ ಸಾಕಷ್ಟು ಕೆಳಗೆ ಇಡಬೇಕು. ಯಂತ್ರ ಅಷ್ಟು ಕೆಳಗೆ ನೋಡಲಾರದು ಎಂದಾದರೆ 5ಕ್ಕೆ ಇಳಿಸಿ, ಒಟ್ಟು ಡಿಎನ್‌ಎಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವರ್ಗ ಸಮೀಕರಣಕ್ಕೆ ರೇಖೆಯನ್ನು ಕೂರಿಸಿ. ಸುಲಭದ ಹೈಪರ್ಬೋಲಾ ಸಮೀಕರಣ ಇಲ್ಲಿ ನಡೆಯುವುದಿಲ್ಲ.

ಜೆಲ್‌ಪ್ರೇಮಿ

ಅಂದರೆ ಜೆಲ್ ಹೇಳಿದ್ದೇ ಸರಿ. ನಾನು ಮೊದಲೇ ಹೇಳಿರಲಿಲ್ಲವೇ?

ಮಂಡ್ಯ_ಟು_ಮ್ಯೂನಿಕ್

ಜೆಲ್ ಎಂಬ ಕಾರಣಕ್ಕೆ ಸರಿಯಾಗಲಿಲ್ಲ ಸರ್, 0.1 ನ್ಯಾನೊಮೋಲಾರ್ ಡಿಎನ್‌ಎ ಹಾಕಿದ್ದರು ಎಂಬ ಕಾರಣಕ್ಕೆ ಸರಿಯಾಯಿತು. ರಂಜಕ-32 ಅಷ್ಟು ಕಡಿಮೆಯಲ್ಲಿಯೂ ಕಾಣುತ್ತದೆ. ಬಣ್ಣದ ಡಿಎನ್‌ಎಯನ್ನು ಜೆಲ್‌ನಲ್ಲಿ ಓಡಿಸುವವರು ಪಟ್ಟಿ ಕಾಣಲೆಂದು 50 ನ್ಯಾನೊಮೋಲಾರ್ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೂ ಇದೇ ಗತಿ.

ನ್ಯಾನೊಮೋಲಾರ್_ನಾಗಿ

ಇದು ಒಬ್ಬಿಬ್ಬರ ಸಮಸ್ಯೆಯೇನಲ್ಲ. 2020ರಲ್ಲಿ ಈಲೈಫ್ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧಕ್ಕಾಗಿ 100 ಪ್ರಕಟಿತ ಅಧ್ಯಯನಗಳನ್ನು ಪರಿಶೀಲಿಸಿದರು. ಸಮತೋಲನ ತಲುಪುವಷ್ಟು ಹೊತ್ತು ಕಾದಿದ್ದೇವೆಯೇ, ಗುರುತು ಹಚ್ಚಿದ ಅಣುವಿನ ಸಾಂದ್ರತೆ ಫಲಿತಾಂಶವನ್ನು ಎಳೆಯುತ್ತಿದೆಯೇ ಎಂಬ ಎರಡು ಪರೀಕ್ಷೆಗಳ ವಿವರ ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಇರಲಿಲ್ಲ. ಅರ್ಧ ಗಂಟೆಯ ಬಗ್ಗೆಯೂ ಹಳೆಯಬೆಂಚು ಸರ್ ಏನಾದರೂ ಹೇಳುತ್ತಾರೆ ಎಂದು ಕಾಯುತ್ತಿದ್ದೆ.

ಹಳೆಯಬೆಂಚು

ಹೇಳುತ್ತೇನೆ. ಕೆಡಿ 2 ನ್ಯಾನೊಮೋಲಾರ್ ಇದ್ದು, ಪ್ರೋಟೀನ್ ಡಿಎನ್‌ಎಯನ್ನು ಹುಡುಕಿ ಹಿಡಿಯುವ ವೇಗ ಸೆಕೆಂಡಿಗೆ ಪ್ರತಿ ಮೋಲಾರ್‌ಗೆ 10 ಕೋಟಿ ಇದ್ದರೆ, ಬಂಧ ಕೆಲವೇ ಸೆಕೆಂಡುಗಳಲ್ಲಿ ಕಳಚುತ್ತದೆ, ಸಮತೋಲನ ಬೇಗ ಬರುತ್ತದೆ. ಅದೇ ವೇಗ 10 ಲಕ್ಷ ಮಾತ್ರ ಇದ್ದರೆ, ಅರ್ಧ ಬಂಧಗಳು ಕಳಚಲು ಆರು ನಿಮಿಷದ ಹತ್ತಿರ ಬೇಕು. ಅಂಥ ಐದು ಅವಧಿಗಳಾದರೂ ಕಳೆಯಬೇಕು ಎಂಬುದು ರೂಢಿ, ಅಂದರೆ ಅರ್ಧ ಗಂಟೆ ಅಂಚಿನ ಮೇಲಿದೆ. ಒಂದೇ ಪ್ಲೇಟನ್ನು ಹತ್ತು ನಿಮಿಷಕ್ಕೆ, ಅರ್ಧ ಗಂಟೆಗೆ, ಎರಡು ಗಂಟೆಗೆ ಓದಿಸಿ. ಕಡಿಮೆ ಪ್ರೋಟೀನಿನ ವೆಲ್‌ಗಳಲ್ಲಿ ಸಂಖ್ಯೆ ಇನ್ನೂ ಏರುತ್ತಿದ್ದರೆ ಕಾಯುವುದು ಸಾಲದು ಎಂದರ್ಥ. ಬಣ್ಣದ ವಿಧಾನದ ದೊಡ್ಡ ಅನುಕೂಲವೇ ಇದು. ಜೆಲ್‌ನಲ್ಲಿ ಹೀಗೆ ಒಂದೇ ಮಿಶ್ರಣವನ್ನು ಮತ್ತೆ ಮತ್ತೆ ನೋಡಲಾಗುವುದಿಲ್ಲ.

ಉಪ್ಪಿನ_ಲೆಕ್ಕ

ಪ್ರೋಟೀನನ್ನು ಯಾವ ಬಫರಿನಲ್ಲಿ ಇಟ್ಟಿದ್ದೀರಿ? ಸಾಮಾನ್ಯವಾಗಿ 500 ಮಿಲಿಮೋಲಾರ್ ಪೊಟಾಸಿಯಂ ಕ್ಲೋರೈಡ್ ಮತ್ತು ಗ್ಲಿಸರಾಲ್ ಇರುವ ಬಫರಿನಲ್ಲಿ ಇಡುತ್ತಾರೆ. ಪ್ರೋಟೀನ್ ಹೆಚ್ಚು ಹಾಕಿದ ವೆಲ್‌ಗೆ ಉಪ್ಪೂ ಹೆಚ್ಚು ಹೋಗುತ್ತದೆ, ಉಪ್ಪು ಹೆಚ್ಚಾದ ವೆಲ್‌ನಲ್ಲಿ ಹಿಡಿತ ಸಡಿಲವಾಗುತ್ತದೆ, ಗ್ಲಿಸರಾಲ್ ಹೆಚ್ಚಾದರೆ ದ್ರವ ಮಂದವಾಗಿ ಅನಿಸೊಟ್ರೊಪಿ ತಾನಾಗಿಯೇ ಏರುತ್ತದೆ. 1976ರಲ್ಲಿ ರೆಕಾರ್ಡ್, ಲೋಮನ್ ಮತ್ತು ಡಿಹಾಸೆತ್ ಉಪ್ಪಿನ ಲಾಗರಿದಂಗೆ ಎದುರಾಗಿ ಬಂಧನ ಸ್ಥಿರಾಂಕದ ಲಾಗರಿದಮ್ಮನ್ನು ಇಟ್ಟರೆ ನೇರ ಗೆರೆ ಬರುತ್ತದೆ ಎಂಬುದನ್ನು ವಿವರಿಸಿದ್ದಾರೆ. ಆ ಗೆರೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದನ್ನು ಒಮ್ಮೆ ನೋಡಿದರೆ ಉಪ್ಪನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರೋಟೀನನ್ನು ಅದರ ಬಫರಿನಲ್ಲಿಯೇ ಹಂತಹಂತವಾಗಿ ತೆಳುಗೊಳಿಸಿ, ಪ್ರತಿ ವೆಲ್‌ಗೂ ಒಂದೇ ಪ್ರಮಾಣದ ದ್ರವ ಹಾಕಿ. ಪ್ರೋಟೀನ್ ಇಲ್ಲದ ವೆಲ್‌ಗೂ ಅಷ್ಟೇ ಬಫರ್ ಹೋಗಬೇಕು.

ಕತ್ತಲಕೋಣೆ

ಇದರ ಜೊತೆಗೆ ಪಿಎಚ್ ಅನ್ನೂ ಗಮನಿಸಿ. ಫ್ಲೂರೊಸೀನ್‌ನ ಪಿಕೆಎ (ಅದರ ಆವೇಶ ಬದಲಾಗುವ ಪಿಎಚ್) ಸುಮಾರು 6.4 ಇರುವುದರಿಂದ, 7ರ ಆಸುಪಾಸಿನಲ್ಲಿ ಪಿಎಚ್ ಸ್ವಲ್ಪ ಸರಿದರೂ ಬೆಳಕು ಏರಿಳಿಯುತ್ತದೆ. ಟ್ರಿಸ್ ಬಫರ್ ತಣ್ಣಗಾದಂತೆ ಅದರ ಪಿಎಚ್ ಏರುತ್ತದೆ. 25 ಡಿಗ್ರಿಯಲ್ಲಿ 7.5 ಎಂದು ಮಾಡಿಟ್ಟದ್ದು ಮಂಜುಗಡ್ಡೆಯ ಡಬ್ಬಿಯಲ್ಲಿ 8ನ್ನು ದಾಟಿರುತ್ತದೆ. ಪ್ಲೇಟನ್ನು ಮಂಜಿನಿಂದ ತೆಗೆದ ಕೂಡಲೇ ಓದಿಸುವವರು ಇದನ್ನು ನೆನಪಿಡಬೇಕು.

ಇನ್ನು ನನ್ನ ಮುಖ್ಯ ಮಾತು. ತುಂಗಾತೀರ ಅವರೇ, ಅನಿಸೊಟ್ರೊಪಿಯ ಸಂಖ್ಯೆಯನ್ನು ಮಾತ್ರ ನೋಡುತ್ತಿದ್ದೀರೋ, ಒಟ್ಟು ಬೆಳಕನ್ನೂ ನೋಡುತ್ತಿದ್ದೀರೋ? ಸಮಾಂತರ ಚಾನೆಲ್‌ನ ಓದಿಗೆ ಲಂಬ ಚಾನೆಲ್‌ನ ಓದನ್ನು ಎರಡರಿಂದ ಗುಣಿಸಿ ಕೂಡಿದರೆ ಒಟ್ಟು ಬೆಳಕು ಸಿಗುತ್ತದೆ. ಪ್ರೋಟೀನ್ ಬಂದಾಗ ಅದು ಬದಲಾಗುತ್ತಿದ್ದರೆ, ಅನಿಸೊಟ್ರೊಪಿ ಎಂಬುದು ಬಂಧಿತ ಮತ್ತು ಬಿಡಿ ಡಿಎನ್‌ಎಗಳ ಸರಳ ಸರಾಸರಿಯಾಗಿ ಉಳಿಯುವುದಿಲ್ಲ. ಹೆಚ್ಚು ಹೊಳೆಯುವ ರೂಪ ಹೆಚ್ಚು ಮತ ಹಾಕುತ್ತದೆ. ಬಂಧಿತ ರೂಪದ ಬೆಳಕು ಅರ್ಧಕ್ಕೆ ಇಳಿದಿದ್ದರೆ, ಅನಿಸೊಟ್ರೊಪಿ ಅರ್ಧ ದಾರಿ ಏರಿದಾಗ ನಿಜವಾಗಿ ಮೂರರಲ್ಲಿ ಎರಡು ಪಾಲು ಡಿಎನ್‌ಎ ಬಂಧಿತವಾಗಿರುತ್ತದೆ.

ಭೌತಶಾಸ್ತ್ರದಿಂದ_ಬಂದವ

ಜಿ ಫ್ಯಾಕ್ಟರ್ ಬಿಟ್ಟಿರಿ. ಲಂಬ ಚಾನೆಲ್‌ನ ಓದನ್ನು ಎರಡರ ಜೊತೆಗೆ ಅದರಿಂದಲೂ ಗುಣಿಸಬೇಕು. ಎರಡು ಚಾನೆಲ್‌ಗಳ ಸೂಕ್ಷ್ಮತೆ ಯಾವ ಯಂತ್ರದಲ್ಲಿಯೂ ಸಮನಾಗಿರುವುದಿಲ್ಲ.

ಕತ್ತಲಕೋಣೆ

ಸರಿ, ಸೇರಿಸಿಕೊಳ್ಳಿ.

ಹೊಸಚಿಗುರು

ಎಂಎಸ್ಸಿ ವಿದ್ಯಾರ್ಥಿಯ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಬಣ್ಣ ಹಾಕಿದ ಡಿಎನ್‌ಎ ತರಿಸಲು ಹಣ ಬೇಕು. ಅದರ ಬದಲು ಸಾಮಾನ್ಯ ಡಿಎನ್‌ಎಗೆ ಎಥಿಡಿಯಂ ಬ್ರೋಮೈಡ್ ಅಥವಾ ಸೈಬರ್ ಗ್ರೀನ್ ಬೆರೆಸಿ, ಪ್ರೋಟೀನ್ ಬಂದಾಗ ಅದು ಹೊರಬಿದ್ದು ಬೆಳಕು ಕಡಿಮೆಯಾಗುವುದನ್ನು ಅಳೆಯಬಹುದಲ್ಲವೇ?

ನ್ಯಾನೊಮೋಲಾರ್_ನಾಗಿ

ಅಳೆಯಬಹುದು, ಥಯಜೋಲ್ ಆರೆಂಜ್ ಬಳಸಿ ಹಾಗೆ ಮಾಡುವ ವಿಧಾನ ಚಾಲ್ತಿಯಲ್ಲಿದೆ. ಚಿಕ್ಕ ಔಷಧ ಅಣುಗಳು ಡಿಎನ್‌ಎಯ ಯಾವ ಅನುಕ್ರಮವನ್ನು ಇಷ್ಟಪಡುತ್ತವೆ ಎಂದು ನೂರಾರು ಅನುಕ್ರಮಗಳ ಮೇಲೆ ಒಮ್ಮೆಗೇ ಜರಡಿ ಹಿಡಿಯಲು ಅದು ಒಳ್ಳೆಯದು. ಆದರೆ ಕೆಡಿ ಎಂಬ ನಿಖರ ಸಂಖ್ಯೆಗಾಗಿ ನಾನು ಅದನ್ನು ನೆಚ್ಚುವುದಿಲ್ಲ. ಎಥಿಡಿಯಂ ಎರಡು ಬೇಸ್ ಜೋಡಿಗಳ ನಡುವೆ ನುಸುಳಿದಾಗ ಡಿಎನ್‌ಎಯ ಸುರುಳಿ ಆ ಜಾಗದಲ್ಲಿ ಸುಮಾರು 26 ಡಿಗ್ರಿ ಬಿಚ್ಚಿಕೊಳ್ಳುತ್ತದೆ ಮತ್ತು ಡಿಎನ್‌ಎ ಉದ್ದವಾಗುತ್ತದೆ. ನಿಮ್ಮ ಪ್ರೋಟೀನ್ ಗುರುತಿಸಬೇಕಾದ ಡಿಎನ್‌ಎಯ ಆಕಾರವೇ ಬದಲಾದ ಮೇಲೆ, ಅಳೆದದ್ದು ಬಣ್ಣ ಮತ್ತು ಪ್ರೋಟೀನುಗಳ ಪೈಪೋಟಿಯನ್ನೇ ಹೊರತು ಪ್ರೋಟೀನಿನ ಹಿಡಿತವನ್ನಲ್ಲ.

ಜೆಲ್‌ಪ್ರೇಮಿ

ಎಥಿಡಿಯಂ ವಿಷಯ ಬಂದಾಗ ಒಂದು ಮಾತು. ಅದನ್ನು ಕಂಡರೆ ಹಾವು ಕಂಡಂತೆ ಹಾರುವ ವಿದ್ಯಾರ್ಥಿಗಳಿದ್ದಾರೆ. ಹೋಮಿಡಿಯಂ ಎಂಬ ಹೆಸರಿನಲ್ಲಿ ಇದೇ ಪದಾರ್ಥವನ್ನು ಆಫ್ರಿಕಾದಲ್ಲಿ ದನಗಳ ಟ್ರಿಪನೊಸೋಮ ರೋಗಕ್ಕೆ ಚುಚ್ಚುಮದ್ದಾಗಿ ಕೊಡುತ್ತಾರೆ.

ಕತ್ತಲಕೋಣೆ

ದನಕ್ಕೆ ಕೊಡುತ್ತಾರೆ ಎಂಬ ಕಾರಣಕ್ಕೆ ಕೈಗವಸು ಬಿಡಬೇಡಿ. ಯಕೃತ್ತಿನ ಕಿಣ್ವಗಳು ಮಾರ್ಪಡಿಸಿದ ಮೇಲೆ ಅದು ಬ್ಯಾಕ್ಟೀರಿಯಾಗಳಲ್ಲಿ ಉತ್ಪರಿವರ್ತನೆ ಉಂಟುಮಾಡುತ್ತದೆ ಎಂಬುದು ಬ್ರೂಸ್ ಏಮ್ಸ್ ರೂಪಿಸಿದ ಪರೀಕ್ಷೆಯಲ್ಲಿ ಸಾಬೀತಾಗಿದೆ.

ರಂಜಕ32

ಜೆಲ್‌ನ ಕಾಲವನ್ನು ನೆನೆಯುವವರು ಪರ್ಸ್‌ಪೆಕ್ಸ್ ಫಲಕದ ಹಿಂದೆ ನಿಂತು ಕೈ ಮಾತ್ರ ಮುಂದೆ ಚಾಚಿ ಪಿಪೆಟ್ ಹಿಡಿದದ್ದನ್ನೂ ನೆನೆಯಬೇಕು. ರಂಜಕ-32ರ ಅರ್ಧಾಯುಷ್ಯ 14.3 ದಿನ. ಹೈದರಾಬಾದಿನಿಂದ ಪೊಟ್ಟಣ ಬರುವ ದಿನಕ್ಕೆ ಸರಿಯಾಗಿ ಪ್ರೋಟೀನ್ ಸಿದ್ಧವಿರಬೇಕಿತ್ತು, ಇಲ್ಲದಿದ್ದರೆ ಮುಂದಿನ ತಿಂಗಳ ಪೊಟ್ಟಣಕ್ಕೆ ಕಾಯಬೇಕಿತ್ತು. ಕೆಲಸ ಮುಗಿದ ಮೇಲೆ ಗೈಗರ್ ಕೌಂಟರ್ ಹಿಡಿದು ಮೇಜು, ನೆಲ, ಚಪ್ಪಲಿಯ ಅಡಿಯವರೆಗೂ ತಡಕುತ್ತಿದ್ದೆವು. ಫ್ಲೂರೊಸೀನ್ ಡಿಎನ್‌ಎಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಬಹಳ ಕಾಲ ಬಾಳುತ್ತದೆ. ಸೂಕ್ಷ್ಮತೆಯಲ್ಲಿ ರಂಜಕವೇ ಮೇಲು ಎಂಬುದನ್ನು ಒಪ್ಪುತ್ತೇನೆ, ಹಾಗಿದ್ದರೂ ಆ ದಿನಗಳು ಮರಳಿ ಬೇಡ.

ಮಂಡ್ಯ_ಟು_ಮ್ಯೂನಿಕ್

ಬಣ್ಣವನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಮರಳುತ್ತೇನೆ. ಅದಕ್ಕೆ ಎಲ್ಲ ವಿಧಾನಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಅನಿಸೊಟ್ರೊಪಿಯಲ್ಲಿ ಬಣ್ಣ ಪ್ರೋಟೀನಿನಿಂದ ದೂರವಿದ್ದು, ಡಿಎನ್‌ಎಯ ಜೊತೆಗೆ ಮಾತ್ರ ತಿರುಗಬೇಕು. ಸೈ3 ಬಣ್ಣದ ಹೊಳಪು ಹೆಚ್ಚುವುದನ್ನು ಅಳೆಯುವ ವಿಧಾನದಲ್ಲಿ ಇದಕ್ಕೆ ತದ್ವಿರುದ್ಧ: ಬಣ್ಣ ಬಂಧನ ಸ್ಥಳಕ್ಕೆ ಅಂಟಿಕೊಂಡಂತೆಯೇ ಇರಬೇಕು. ಸೈ3 ಅಣು ಬೆಳಕು ಹೀರಿದ ಮೇಲೆ ತನ್ನ ನಡುವಿನ ಸರಪಳಿಯನ್ನು ತಿರುಚಿಕೊಂಡು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪ್ರೋಟೀನ್ ಪಕ್ಕಕ್ಕೆ ಬಂದು ಒತ್ತಿದಾಗ ತಿರುಚಲು ಜಾಗವಿಲ್ಲದೆ ಬೆಳಕಾಗಿ ಹೊರಹಾಕುತ್ತದೆ. ಸುಮಾರು 4 ನ್ಯಾನೊಮೀಟರ್‌ಗಿಂತ ದೂರದಲ್ಲಿದ್ದರೆ ಈ ಪರಿಣಾಮ ಕಾಣುವುದಿಲ್ಲ. ಪ್ರೋಟೀನಿಗೆ ಬಣ್ಣ ಕಟ್ಟುವ ತಾಪತ್ರಯವೇ ಇಲ್ಲ ಎಂಬುದು ಇದರ ಸೊಗಸು.

ಡಿಎನ್‌ಎ ಬಾಗುವುದನ್ನು ನೋಡಬೇಕಿದ್ದರೆ ಎರಡು ಬಣ್ಣಗಳ ಫ್ರೆಟ್ (ಒಂದು ಬಣ್ಣದಿಂದ ಹತ್ತಿರದ ಇನ್ನೊಂದಕ್ಕೆ ಶಕ್ತಿ ದಾಟುವುದನ್ನು ಅಳೆಯುವ ವಿಧಾನ) ಬೇಕು. ಐಎಚ್‌ಎಫ್ ಎಂಬ ಪ್ರೋಟೀನ್ ಡಿಎನ್‌ಎಯನ್ನು 160 ಡಿಗ್ರಿಗೂ ಹೆಚ್ಚು ಬಗ್ಗಿಸಿ ಯು ತಿರುವು ಹೊಡೆಸುತ್ತದೆ. 35 ಬೇಸ್ ಜೋಡಿಗಳ ನೇರ ಡಿಎನ್‌ಎಯ ಎರಡು ತುದಿಗಳ ನಡುವಿನ ದೂರ 12 ನ್ಯಾನೊಮೀಟರ್ ಆಗುವುದರಿಂದ, ಸೈ3 ಮತ್ತು ಸೈ5ರ ನಡುವೆ ಶಕ್ತಿ ದಾಟುವುದು ನೂರಕ್ಕೆ ಒಂದರಷ್ಟು ಮಾತ್ರ. ಐಎಚ್‌ಎಫ್ ಬಗ್ಗಿಸಿದ ಕೂಡಲೇ ತುದಿಗಳು ಹತ್ತಿರ ಬಂದು ಅದು ಹಲವು ಪಟ್ಟು ಏರುತ್ತದೆ. ಬಂಧ ಮತ್ತು ಬಾಗು ಒಂದೇ ಕ್ಷಣದಲ್ಲಿ ಆಗುತ್ತವೆಯೋ, ಒಂದಾದ ಮೇಲೆ ಒಂದೋ ಎಂಬ ಪ್ರಶ್ನೆಯನ್ನು ಅನಿಸೊಟ್ರೊಪಿ ಕೇಳಲಾರದು.

ನ್ಯಾನೊಮೋಲಾರ್_ನಾಗಿ

2-ಅಮೈನೊಪ್ಯೂರಿನ್ ಅನ್ನು ಬಿಟ್ಟಿರಿ. ಅದು ಅಡೆನೀನ್ ಇದ್ದ ಜಾಗದಲ್ಲಿಯೇ ಕೂತು ಥೈಮೀನ್ ಜೊತೆ ಜೋಡಿಯಾಗುವ ಬೇಸ್, ಹೊರಗೆ ನೇತಾಡುವ ಬಣ್ಣವಲ್ಲ. ಅಕ್ಕಪಕ್ಕದ ಬೇಸ್‌ಗಳ ನಡುವೆ ಒತ್ತಾಗಿ ಇರುವಾಗ ಮಂಕಾಗಿದ್ದು, ಹೊರಬಂದಾಗ ಹೊಳೆಯುತ್ತದೆ. 1994ರಲ್ಲಿ ಎಂ.ಎಚ್‌ಎಚ್‌ಎಐ (M.HhaI) ಮಿಥೈಲ್‌ಟ್ರಾನ್ಸ್‌ಫರೇಸ್ ತಾನು ಮಾರ್ಪಡಿಸಬೇಕಾದ ಬೇಸನ್ನು ಸುರುಳಿಯಿಂದ ಪೂರ್ತಿ ಹೊರಕ್ಕೆ ಹೊರಳಿಸುತ್ತದೆ ಎಂಬುದು ಸ್ಫಟಿಕ ರಚನೆಯಿಂದ ತಿಳಿದ ಮೇಲೆ, ದ್ರಾವಣದಲ್ಲಿಯೂ ಹಾಗೆ ಆಗುತ್ತದೆಯೇ ಎಂದು ನೋಡಲು ಈ ಬೇಸ್ ಬಹಳ ಒದಗಿ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿಯೂ ಈಕೋಪಿ15ಐ ಮಿಥೈಲ್‌ಟ್ರಾನ್ಸ್‌ಫರೇಸ್ ಡಿಎನ್‌ಎಯನ್ನು ಹೇಗೆ ವಿರೂಪಗೊಳಿಸುತ್ತದೆ ಎಂಬುದನ್ನು ಇದರಿಂದಲೇ ಅಧ್ಯಯನ ಮಾಡಿದ್ದಾರೆ.

ಹೊಸಚಿಗುರು

ಜೀವಂತ ಕೋಶದೊಳಗೆ ಲ್ಯಾಕ್ ರಿಪ್ರೆಸರ್ ಡಿಎನ್‌ಎಯ ಮೇಲೆ ಜಾರುವುದನ್ನು ಬಣ್ಣ ಹಾಕಿ ನೋಡಿದ್ದಾರೆ ಎಂದು ತರಗತಿಯಲ್ಲಿ ಹೇಳಿದ್ದರು. ಹಾಗಾದರೆ ಪ್ಲೇಟ್‌ನ ಲೆಕ್ಕಾಚಾರವೇ ಬೇಡವಲ್ಲ?

ಭೌತಶಾಸ್ತ್ರದಿಂದ_ಬಂದವ

ಅದು ಬಣ್ಣವಲ್ಲ, ವೀನಸ್ ಎಂಬ ಹಳದಿ ಪ್ರತಿದೀಪಕ ಪ್ರೋಟೀನನ್ನು ರಿಪ್ರೆಸರಿಗೆ ಜೋಡಿಸಿದ್ದರು. 2007ರ ಎಲ್ಫ್, ಲೀ ಮತ್ತು ಷಿಯ ಅವರ ಆ ಕೆಲಸದ ಪ್ರಕಾರ ರಿಪ್ರೆಸರ್ ತನ್ನ ಆಪರೇಟರನ್ನು ಹುಡುಕುವ ಸಮಯದ ಸುಮಾರು ನೂರಕ್ಕೆ 87 ಪಾಲನ್ನು ಬೇರೆ ಡಿಎನ್‌ಎಗೆ ಸುಮ್ಮನೆ ಅಂಟಿಕೊಂಡು ಕಳೆಯುತ್ತದೆ. 2012ರಲ್ಲಿ ಅದು ಒಂದು ಸಲಕ್ಕೆ ಸುಮಾರು 45 ಬೇಸ್ ಜೋಡಿಗಳಷ್ಟು ಜಾರುತ್ತದೆ ಎಂದು ಅಳೆದರು. ರಿಗ್ಸ್ ಮತ್ತು ಸಂಗಡಿಗರು 1970ರಲ್ಲಿ ಫಿಲ್ಟರ್ ಕಾಗದದ ಮೇಲೆ ಅಳೆದ ಬಂಧನ ವೇಗ ಸರಳ ವಿಸರಣೆಗೆ ಸಾಧ್ಯವಿರುವುದಕ್ಕಿಂತ ಹೆಚ್ಚಾಗಿತ್ತು. ಈ ಜಾರುವಿಕೆಯೇ ಅದಕ್ಕೆ ವಿವರಣೆ. ಆ ಪ್ರಶ್ನೆ ಹುಟ್ಟಿದ್ದೇ ನಳಿಕೆಯೊಳಗೆ ಮಾಡಿದ ಅಳತೆಯಿಂದ, ಹೀಗಾಗಿ ಪ್ಲೇಟ್‌ನ ಲೆಕ್ಕಾಚಾರವನ್ನು ಬಿಡುವ ಹಾಗಿಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಹೊಸ ಫಲಿತಾಂಶಗಳನ್ನು ಹಂಚಿಕೊಳ್ಳುತ್ತಿದ್ದೇನೆ. ಡಿಎನ್‌ಎಯನ್ನು 5 ನ್ಯಾನೊಮೋಲಾರ್‌ಗೆ ಇಳಿಸಿ, ಯಂತ್ರದ ಗೇನ್ ಹೆಚ್ಚಿಸಿ, ಪ್ರತಿ ವೆಲ್‌ಗೆ ಹೆಚ್ಚು ಸಲ ಮಿಂಚಿಸಿ ಓದಿಸಿದೆ. ಓದುಗಳು ಸ್ವಲ್ಪ ಕುಣಿದರೂ ಮಧ್ಯಬಿಂದು 5ರ ಹತ್ತಿರಕ್ಕೆ ಇಳಿಯಿತು. ವರ್ಗ ಸಮೀಕರಣಕ್ಕೆ ಕೂರಿಸಿದಾಗ ಕೆಡಿ 2.6 ಬಂದಿತು. ಅರ್ಧ ಗಂಟೆಗೂ ಎರಡು ಗಂಟೆಗೂ ವ್ಯತ್ಯಾಸವಿಲ್ಲ. ಒಟ್ಟು ಬೆಳಕು ನೂರಕ್ಕೆ ಹತ್ತರಷ್ಟು ಮಾತ್ರ ಇಳಿಯುತ್ತದೆ. ಬಣ್ಣವಿಲ್ಲದ ಅದೇ ಡಿಎನ್‌ಎಯನ್ನು ಹೆಚ್ಚಿಸುತ್ತ ಹೋದಾಗ ಅನಿಸೊಟ್ರೊಪಿ ಪೂರ್ತಿ ಕೆಳಗಿಳಿದು 0.07ಕ್ಕೆ ಮರಳಿತು. ಆ ರೇಖೆಯಿಂದ ಲೆಕ್ಕ ಹಾಕಿದ ಕೆಡಿ 2ಕ್ಕೂ 3ಕ್ಕೂ ನಡುವೆ ಇದೆ.

ಒಂದು ವಿಷಯ ಮಾತ್ರ ಉಳಿದಿದೆ. ಈಗ ಪ್ರೋಟೀನನ್ನು 500 ನ್ಯಾನೊಮೋಲಾರ್‌ವರೆಗೆ ಕೊಂಡೊಯ್ದಿದ್ದೇನೆ. 100ನ್ನು ದಾಟಿದ ಮೇಲೆ ಸಮತಟ್ಟಾಗಿ ನಿಲ್ಲಬೇಕಾದ ರೇಖೆ ಮತ್ತೆ ಮೆಲ್ಲಗೆ ಏರಿ 0.19 ಮುಟ್ಟುತ್ತದೆ.

ಕತ್ತಲಕೋಣೆ

ಬಣ್ಣವಿಲ್ಲದ ಡಿಎನ್‌ಎ ಕೂಡ ಅದೇ ಕೆಡಿಯನ್ನು ಕೊಟ್ಟಿದೆ ಎಂದ ಮೇಲೆ ಬಣ್ಣದ ಮೇಲಿನ ನನ್ನ ಅನುಮಾನ ಇಲ್ಲಿಗೆ ನಿಂತಿತು. ಇನ್ನೊಂದು ತುದಿಗೆ ಬಣ್ಣ ಹಾಕಿಸುವ ಖರ್ಚು ಉಳಿಸಿ.

ಹಳೆಯಬೆಂಚು

ಎರಡನೆಯ ಏರಿಕೆ ನಿರ್ದಿಷ್ಟವಲ್ಲದ ಬಂಧ ಇರಬಹುದು, ಪ್ರೋಟೀನ್ ಪರಸ್ಪರ ಅಂಟಿಕೊಳ್ಳುತ್ತಿರಲೂಬಹುದು. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಅದೇ ಉದ್ದದ, ಆದರೆ ಆಪರೇಟರ್ ಅನುಕ್ರಮವನ್ನು ಕಲಸಿಹಾಕಿದ ಬಣ್ಣದ ಡಿಎನ್‌ಎಯೊಂದಿಗೆ ಇಡೀ ಸಾಲನ್ನು ಓದಿಸಿ. ಅದೂ 100ರ ನಂತರ ಏರಲಾರಂಭಿಸಿದರೆ ಪ್ರೋಟೀನ್ ಡಿಎನ್‌ಎಯ ಯಾವ ಭಾಗಕ್ಕಾದರೂ ಅಂಟುತ್ತಿದೆ ಎಂದರ್ಥ. ಉಪ್ಪನ್ನು 150ರಿಂದ 200 ಮಿಲಿಮೋಲಾರ್‌ಗೆ ಏರಿಸಿದಾಗ ಆ ಏರಿಕೆ ಬಲಕ್ಕೆ ಸರಿದರೆ ಇನ್ನೂ ಖಚಿತ. ಪ್ರೋಟೀನ್ ಗಂಟು ಕಟ್ಟುತ್ತಿದ್ದರೆ ಮಿಶ್ರಣವನ್ನು ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದಲ್ಲಿ ಬೆಳಕು ಉಳಿದಿದೆಯೇ ನೋಡಿ.

ಉಪ್ಪಿನ_ಲೆಕ್ಕ

ಆಪರೇಟರ್ ಇಲ್ಲದ ಕೃತಕ ಡಿಎನ್‌ಎಯಾದ ಪಾಲಿ ಡಿಐ-ಡಿಸಿ ಸ್ವಲ್ಪ ಹಾಕಿದರೂ ತಿಳಿಯುತ್ತದೆ, ಆದರೆ ಕೆಡಿ ಅಳೆಯುವ ಪ್ಲೇಟ್‌ಗೆ ಅದನ್ನು ಬೆರೆಸಬೇಡಿ. ಅದು ಪ್ರೋಟೀನಿನ ಒಂದು ಪಾಲನ್ನು ತಾನೇ ನುಂಗಿ ಲೆಕ್ಕವನ್ನು ಕೆಡಿಸುತ್ತದೆ. ಬದಲಿಗೆ 0.01 ಶೇಕಡಾ ಟ್ವೀನ್-20 (ಮಾರ್ಜಕ) ಮತ್ತು ಮಿಲಿಲೀಟರಿಗೆ 0.1 ಮಿಲಿಗ್ರಾಂ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಇದೆಯೇ ನೋಡಿಕೊಳ್ಳಿ. ನ್ಯಾನೊಮೋಲಾರ್ ಮಟ್ಟದಲ್ಲಿ ಪ್ರೋಟೀನ್ ಪ್ಲಾಸ್ಟಿಕ್ಕಿಗೆ ಅಂಟಿ ಕಾಣೆಯಾಗುವುದು ಬಹಳ ಸಾಮಾನ್ಯ.

ಜೆಲ್‌ಪ್ರೇಮಿ

500 ನ್ಯಾನೊಮೋಲಾರ್ ವೆಲ್‌ನಿಂದ ಹತ್ತು ಮೈಕ್ರೊಲೀಟರ್ ತೆಗೆದು ಜೆಲ್‌ನಲ್ಲಿ ಓಡಿಸಿ, ಬಣ್ಣ ಹೇಗೂ ಇದೆ. 5 ನ್ಯಾನೊಮೋಲಾರ್ ಕಾಣದಿದ್ದರೆ 40ರ ಮಿಶ್ರಣದಿಂದ ತೆಗೆಯಿರಿ, ಇಲ್ಲಿ ಕೆಡಿ ಯಾರಿಗೂ ಬೇಕಿಲ್ಲ. ಎರಡನೆಯ ಜೋಡಿ ಹತ್ತಿ ಕೂತಿದ್ದರೆ ಮೊದಲಿನದಕ್ಕಿಂತ ಮೇಲೆ ಇನ್ನೊಂದು ಪಟ್ಟಿ ಕಾಣುತ್ತದೆ, ಗಂಟು ಕಟ್ಟಿದ್ದರೆ ಗುಂಡಿಯಲ್ಲಿಯೇ ಕೂತಿರುತ್ತದೆ.

ತುಂಗಾತೀರ

ಕಲಸಿದ ಅನುಕ್ರಮದ ಡಿಎನ್‌ಎಗೆ ಇಂದೇ ಆರ್ಡರ್ ಹಾಕುತ್ತೇನೆ, ಜೆಲ್ ಅನ್ನು ನಾಳೆ ಬೆಳಿಗ್ಗೆ ಶೀತಲ ಕೋಣೆಯಲ್ಲಿ ಓಡಿಸುತ್ತೇನೆ. ಟ್ವೀನ್ ಇದೆ, ಬಿಎಸ್‌ಎ ಇಲ್ಲ.